ಆಶು: ಮಂಗಳೂರಿನ ಯಹೂದಿ ಮನೆಯೊಡತಿ

1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ತನ್ನ ದಾಸಿ ಆಶುವಿಗೆ ಬಿಡುಗಡೆ ಪತ್ರ ಬರೆದುಕೊಟ್ಟ. ಅವನು ಟ್ಯುನೀಷಿಯಾದ ಮಹದಿಯಾದವನು. ಇಲ್ಲಿ ಕಂಚಿನ ಪಾತ್ರೆ ಮಾಡಿಸಿ, ಮೆಣಸು, ಅಡಿಕೆಯ ಜೊತೆ ಏಡನ್ನಿಗೆ ಕಳಿಸುತ್ತಿದ್ದ. ಪತ್ರದಲ್ಲಿ ಆಶುವಿಗೆ ಬೆರಾಖಾ ಎಂಬ ಹೊಸ ಹೆಸರು.

ಇದನ್ನು ಬರೀ ಔದಾರ್ಯ ಎನ್ನುವಂತಿಲ್ಲ. ಯಹೂದಿ ಶಾಸ್ತ್ರದಂತೆ ಮಗುವಿನ ಧರ್ಮ ತಾಯಿಯ ಕಡೆಯಿಂದ ಬರುತ್ತದೆ. ದಾಸಿಯ ಮಗು ದಾಸ್ಯದಲ್ಲೇ ಉಳಿಯುತ್ತದೆ. ಬಿಡುಗಡೆ ಪಡೆದು, ವಿಧಿಪೂರ್ವಕ ಸ್ನಾನ ಮಾಡಿದವಳು ಮಾತ್ರ ಯಹೂದಿ ಮಕ್ಕಳ ತಾಯಿಯಾಗಬಲ್ಲಳು. ಬೆನ್ ಯಿಜುವಿನ ಮಕ್ಕಳ ತಾಯಿ ಆಶುವೇ ಎಂದು ವಿದ್ವಾಂಸರು ಭಾವಿಸುತ್ತಾರೆ.

ಏಡನ್ನಿನ ಗೆಳೆಯರು ಆ ಮನೆಗೆ ಸಕ್ಕರೆ, ಒಣದ್ರಾಕ್ಷಿ, ಬರೆಯಲು ಕಾಗದ ಕಳಿಸುತ್ತಿದ್ದರು. ಆಶುವಿನ ಸೋದರನ ಹೆಸರೂ ಲೆಕ್ಕದ ಚೀಟಿಗಳಲ್ಲಿದೆ. ಅವಳದೇ ಮಾತು ಮಾತ್ರ ಒಂದೂ ಇಲ್ಲ. ಸುರಪುರ ಸೀಮೆಯ ಮುದನೂರಿನ ದೇವರ ದಾಸಿಮಯ್ಯನ ಮಡದಿ ದುಗ್ಗಳೆಯ ವಚನಗಳನ್ನು ನಾವು ಇಂದಿಗೂ ಓದುತ್ತೇವೆ. ಆಶುವಿಗೆ ಆ ಭಾಗ್ಯ ಸಿಗಲಿಲ್ಲ.

ಈ ಕಾಗದಗಳೆಲ್ಲ ಉಳಿದದ್ದು ಕೈರೋದ ಹಳೆಯ ಯಹೂದಿ ಮಂದಿರದ ಕೋಣೆಯಲ್ಲಿ. ದೇವರ ಹೆಸರಿರುವ ಬರಹವನ್ನು ಎಸೆಯಬಾರದೆಂದು ಅಲ್ಲಿ ರಾಶಿ ಹಾಕುತ್ತಿದ್ದರು. ಬಿಡುಗಡೆ ಪತ್ರ ಈಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ.

1149ರಲ್ಲಿ ಬೆನ್ ಯಿಜು ಮಕ್ಕಳೊಡನೆ ಏಡನ್ನಿಗೆ ಮರಳಿದ. ಅಣ್ಣತಮ್ಮಂದಿರಿಗೆ ಬರೆದ ಪತ್ರದಲ್ಲಿ ಮಗಳ ಮದುವೆಯ ಚಿಂತೆಯಿದೆ, ಅವಳ ತಾಯಿಯ ಸುದ್ದಿಯಿಲ್ಲ. ಮಗಳು ಸಿತ್ತ್ ಅಲ್-ದಾರ್ 1156ರಲ್ಲಿ ಈಜಿಪ್ಟಿನಲ್ಲಿ ತಂದೆಯ ಸೋದರನ ಮಗ ಪೆರಾಹ್ಯನನ್ನು ಮದುವೆಯಾದಳು.