ಕೇಳುವುದಕ್ಕೂ ಒಂದು ದಾರಿ ಬೇಕು

ಬ್ರಿಟನ್ನಿನ ಅಂಗಡಿಗಳಲ್ಲಿ ಟಿಪ್‌ಟ್ರೀ ಹೆಸರಿನ ಜಾಮ್ ಬಾಟಲಿಯನ್ನು ನೀವು ನೋಡಿರುತ್ತೀರಿ. ಟಿಪ್‌ಟ್ರೀ ಅನ್ನೋದು ಲಂಡನ್ನಿನ ಈಶಾನ್ಯಕ್ಕೆ, ಎಸೆಕ್ಸ್ ಕೌಂಟಿಯಲ್ಲಿರುವ ಒಂದು ಊರು. ಆ ಜಾಮ್ ಕಂಪನಿ ಹುಟ್ಟುವುದಕ್ಕೆ ನಲವತ್ತು ವರ್ಷಕ್ಕೂ ಮೊದಲು, 1841ರಲ್ಲಿ, ಲಂಡನ್ನಿನ ಅಂಗಡಿಕಾರನೊಬ್ಬ ಅಲ್ಲಿ ಸುಮಾರು 130 ಎಕರೆ ಜಮೀನು ಕೊಂಡ. ಒಳ್ಳೆಯ ಜಮೀನೇನಲ್ಲ. ಎಸೆಕ್ಸಿನಲ್ಲೇ ಏನೂ ಬೆಳೆಯದ ಜಾಗಗಳಲ್ಲಿ ಒಂದು ಎಂದು ಹೆಸರಾಗಿತ್ತು. ಕೊಂಡವನ ಹೆಸರು ಜಾನ್ ಜೋಸೆಫ್ ಮೆಕಿ.

ಮೆಕಿಯ ಅಪ್ಪ ಇಟಲಿಯ ಬೊಲೊನ್ಯಾದಿಂದ ಇಂಗ್ಲೆಂಡಿಗೆ ಬಂದು ನೆಲೆಸಿದವನು. ಅಂದರೆ ಮೆಕಿ ನಮ್ಮ ಮಕ್ಕಳ ಹಾಗೆ ಎರಡನೇ ತಲೆಮಾರಿನವನು. ಚಾಕು, ಕತ್ತರಿ ಮಾರುತ್ತಿದ್ದವನಿಗೆ ದುಡ್ಡು ತಂದುಕೊಟ್ಟದ್ದು ಕ್ಷೌರದ ಕತ್ತಿಯನ್ನು ಮಸೆಯುವ ಒಂದು ಪಟ್ಟಿ. ಅದನ್ನು ‘ಮ್ಯಾಜಿಕ್’ ಪಟ್ಟಿ ಅಂತ ಮಾರಿದ. ಹತ್ತು ವರ್ಷದಲ್ಲಿ ಶ್ರೀಮಂತನಾದ. ಆಮೇಲೆ ಹಿಡಿದದ್ದು ಬೇಸಾಯದ ಹುಚ್ಚು. ನೆಲದಡಿ ಆಳವಾಗಿ ಕೊಳವೆ ಹೂತು ನಿಂತ ನೀರನ್ನು ಹೊರಗೆ ಹರಿಸಿದ, ಉಗಿ ಯಂತ್ರ ತಂದ, ಹೊಲದ ಜಮಾಖರ್ಚನ್ನು ಎಲ್ಲರೂ ನೋಡಲಿ ಎಂದು ಅಚ್ಚು ಹಾಕಿಸಿದ. ಅವನ ಅಂಕಿಗಳನ್ನು ನಂಬದೆ ಜಗಳಕ್ಕೆ ಬಂದವರೂ ಇದ್ದರು. (ಡೇಟಾದಲ್ಲೇ ಹೊಟ್ಟೆ ಹೊರೆಯುವ ನನಗೆ ಈ ಕಾರಣಕ್ಕೇ ಮೆಕಿ ಇಷ್ಟ. ಲೆಕ್ಕ ಮುಚ್ಚಿಟ್ಟವರ ಜೊತೆ ಜಗಳ ಆಡೋಕೂ ಆಗಲ್ಲ.) ಲಾಭದ ಬೇಸಾಯ ಹೇಗೆ ಅಂತ ಪುಸ್ತಕವನ್ನೂ ಬರೆದ.

ಈತ 1860ರಲ್ಲಿ ರೈತರಿಗಾಗಿ ಒಂದು ದತ್ತಿ ಸಂಸ್ಥೆ ಶುರುಮಾಡಿದ. ಇವತ್ತು ಅದರ ಹೆಸರು ರಾಯಲ್ ಅಗ್ರಿಕಲ್ಚರಲ್ ಬೆನೆವೊಲೆಂಟ್ ಇನ್‌ಸ್ಟಿಟ್ಯೂಷನ್. ಚಿಕ್ಕದಾಗಿ ಆರ್‌ಎಬಿಐ. ಇಂಗ್ಲೆಂಡ್ ಮತ್ತು ವೇಲ್ಸ್ ಅದರ ವ್ಯಾಪ್ತಿ.

ಇಂಗ್ಲೆಂಡಿನ ರೈತರಿಗೆ ಅಂಥದ್ದೇನು ಕಷ್ಟ ಅಂತ ನೀವು ಕೇಳಬಹುದು. ನಮ್ಮ ಕಣ್ಣಿಗೆ ಬರುವುದು ಹಸಿರು ಹುಲ್ಲು, ಕಲ್ಲಿನ ಮನೆ, ದಪ್ಪ ಹಸು. ಆದರೆ ಆ ಕಾಲದ ಇಂಗ್ಲಿಷ್ ರೈತರಲ್ಲಿ ಹೆಚ್ಚಿನವರು ಗೇಣಿದಾರರು. ಜಮೀನು ಜಮೀನ್ದಾರನದು, ವಾಸದ ಮನೆಯೂ ಅವನದೇ. ಗೇಣಿ ಕಟ್ಟಲಾಗದಿದ್ದರೆ, ಅಥವಾ ಮೈಯಲ್ಲಿ ಕಸುವು ಹೋದರೆ, ಒಂದೇ ದಿನ ಕೆಲಸವೂ ಮನೆಯೂ ಕೈಬಿಡುತ್ತಿದ್ದವು. ಸರ್ಕಾರದ ವೃದ್ಧಾಪ್ಯ ಪಿಂಚಣಿ ಬಂದದ್ದು 1909ರಲ್ಲಿ. ಅದಕ್ಕೂ ಮೊದಲು ಉಳಿದಿದ್ದ ದಾರಿ ವರ್ಕ್‌ಹೌಸ್, ಅಂದರೆ ಬಡವರನ್ನು ದುಡಿಸಿ ಊಟ ಹಾಕುವ ಮನೆ. ನಿನ್ನೆಯವರೆಗೆ ಹತ್ತು ಆಳುಗಳಿಗೆ ಸಂಬಳ ಕೊಟ್ಟವನಿಗೆ ಅದರ ಬಾಗಿಲು ತಟ್ಟುವುದು ಸಾವಿಗಿಂತ ಕಷ್ಟ.

ಮೆಕಿಯ ಸಂಸ್ಥೆ ಇಂಥವರಿಗೆ, ಅವರ ವಿಧವೆಯರಿಗೆ, ಮದುವೆಯಾಗದ ಅನಾಥ ಹೆಣ್ಣುಮಕ್ಕಳಿಗೆ ಪಿಂಚಣಿ ಕೊಟ್ಟಿತು. ಆದರೆ ಅದೇ ಹೊಲದಲ್ಲಿ ಬೆನ್ನು ಬಗ್ಗಿಸಿದ ಕೂಲಿಯವರು ಆ ಪಟ್ಟಿಯಲ್ಲಿರಲಿಲ್ಲ. ‘ರೈತ’ ಅಂದಾಗ ಯಾರನ್ನು ಎಣಿಸುತ್ತೇವೆ, ಯಾರನ್ನು ಬಿಡುತ್ತೇವೆ ಅನ್ನೋ ಪ್ರಶ್ನೆ ನಮ್ಮೂರಿನದ್ದು ಮಾತ್ರ ಅಲ್ಲ. ಕೂಲಿಯವರಿಗೂ ನೆರವು ಸಿಗುವಂತಾದದ್ದು ಬಹಳ ಕಾಲದ ಮೇಲೆ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಆ ಕಾಲದ ಅನೇಕ ದತ್ತಿಗಳ ಹಾಗೆ ಇಲ್ಲೂ ಪಿಂಚಣಿ ಯಾರಿಗೆ ಅನ್ನೋದನ್ನು ಚುನಾವಣೆ ನಡೆಸಿ ತೀರ್ಮಾನಿಸುತ್ತಿದ್ದರು. ಚಂದಾ ಕೊಟ್ಟವರಿಗೆ ವೋಟು. ಕಷ್ಟದಲ್ಲಿರುವವರು ಅಭ್ಯರ್ಥಿಗಳು. ಎಪ್ಪತ್ತು ವರ್ಷದ ಮುದುಕನೊಬ್ಬ ತನ್ನ ದಿವಾಳಿಯ ಕಥೆಯನ್ನು ಅಚ್ಚು ಮಾಡಿಸಿ, ಗೊತ್ತಿಲ್ಲದವರ ಹತ್ತಿರ ವೋಟು ಬೇಡುವುದನ್ನು ಊಹಿಸಿಕೊಳ್ಳಿ. ಇಂಥ ಪದ್ಧತಿಯನ್ನು ಖಂಡಿಸಿದವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಕೂಡ ಇದ್ದರು.

ಮೆಕಿಯ ಕಡೆಗಾಲ ಇದೇ ಕಥೆಯ ಭಾಗ. ಕ್ರಿಮಿಯನ್ ಯುದ್ಧದ ಹೊತ್ತಿಗೆ ಇಂಗ್ಲೆಂಡಿನ ಗಂಡಸರು ಗಡ್ಡ ಬಿಡೋಕೆ ಶುರುಮಾಡಿದರು. ಕತ್ತಿ ಮಸೆಯುವ ಪಟ್ಟಿ ಯಾರಿಗೆ ಬೇಕು? ಆತ ತೊಡಗಿಸಿಕೊಂಡಿದ್ದ ಬ್ಯಾಂಕು ಮುಳುಗಿತು. ಆಮೇಲೆ ಸಾಲುಸಾಲಾಗಿ ಕೆಟ್ಟ ಮಳೆಗಾಲಗಳು. 1879 ಅಂತೂ ಇಂಗ್ಲಿಷ್ ಬೇಸಾಯದ ಚರಿತ್ರೆಯಲ್ಲೇ ಕುಪ್ರಸಿದ್ಧ ವರ್ಷ. ಬಿಡದೆ ಸುರಿದ ಮಳೆಗೆ ಪೈರು ಕೊಳೆಯಿತು. ಬೆಳೆ ಕಡಿಮೆಯಾದರೆ ಬೆಲೆಯಾದರೂ ಏರಬೇಕಿತ್ತು, ಅದೂ ಆಗಲಿಲ್ಲ, ಯಾಕಂದ್ರೆ ಅಮೆರಿಕದಿಂದ ಅಗ್ಗದ ಗೋಧಿ ಹಡಗು ತುಂಬಿ ಬರ್ತಾ ಇತ್ತು. 1880ರ ಡಿಸೆಂಬರ್ 14ರಂದು ಮೆಕಿಯ ಆಸ್ತಿ ಸಾಲಗಾರರ ವಶಕ್ಕೆ ಹೋಯಿತು. ಹನ್ನೆರಡು ದಿನಗಳ ನಂತರ, ಕ್ರಿಸ್‌ಮಸ್ಸಿನ ಮರುದಿನ, ಟಿಪ್‌ಟ್ರೀಯ ಮನೆಯಲ್ಲೇ ತೀರಿಕೊಂಡ. ದುಡ್ಡು, ವಿದ್ಯೆ, ಯಂತ್ರ, ಹೆಸರು ಎಲ್ಲವೂ ಇದ್ದವನ ಗತಿ ಇದು. ‘ಅವನಿಗೆ ಬೇಸಾಯ ಬರಲ್ಲ, ಅದಕ್ಕೇ ಸೋತ’ ಅನ್ನುವವರು ಮೆಕಿಯನ್ನು ಒಮ್ಮೆ ನೆನೆಸಿಕೊಳ್ಳಬೇಕು.

ಆ ಕುಸಿತದಲ್ಲಿ ಎಸೆಕ್ಸಿನ ಎಷ್ಟೋ ಹೊಲಗಳು ಪಾಳುಬಿದ್ದವು. ಅವನ್ನು ಅಗ್ಗದ ಗೇಣಿಗೆ ಹಿಡಿದವರು ಸ್ಕಾಟ್ಲೆಂಡಿನಿಂದ ಹಸುಗಳ ಸಮೇತ ವಲಸೆ ಬಂದ ರೈತರು. ಸ್ಕಾಟ್ಲೆಂಡಿನಲ್ಲೂ 1897ರಲ್ಲಿ ಇಂಥದ್ದೇ ಸಂಸ್ಥೆ ಹುಟ್ಟಿತು, ಅದು ಆರ್‌ಎಸ್‌ಎಬಿಐ.

ಇಲ್ಲಿ ಗದಗದ ಹತ್ತಿರದ ಕಣಗಿನಹಾಳ ನೆನಪಾಗುತ್ತದೆ. 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಸಹಕಾರಿ ಸಂಘ ಕಟ್ಟಿದರು. ಅಲ್ಲಿ ಕೊಡುವವರೂ ರೈತರು, ಪಡೆಯುವವರೂ ರೈತರು. ಪಡೆದದ್ದು ಸಾಲ, ದಾನವಲ್ಲ. ಅದಕ್ಕೂ ಹಳೆಯದು ನಮ್ಮ ಮುಯ್ಯಾಳು: ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಇಲ್ಲಿ ಯಾರ ತಲೆಯೂ ಬಗ್ಗಬೇಕಿಲ್ಲ. ಆದರೆ ಸಾಲ ತೀರಿಸುವ, ಮುಯ್ಯಿ ಹಿಂದಿರುಗಿಸುವ ಶಕ್ತಿಯೇ ಇಲ್ಲದ ಮುದಿ ವಿಧವೆಗೆ ಇವೆರಡೂ ಒದಗುವುದಿಲ್ಲ. ಅಲ್ಲಿ ಬೇಕಾದದ್ದು ಮೆಕಿಯಂಥವರ ಸಂಸ್ಥೆಯೇ.

ಸರ್ಕಾರದ ಪಿಂಚಣಿ ಬಂತು, 1947ರ ಕೃಷಿ ಕಾಯ್ದೆ ಬೆಳೆಗಳಿಗೆ ಬೆಲೆಯ ಭರವಸೆ ಕೊಟ್ಟಿತು. ಇನ್ನು ದತ್ತಿ ಸಂಸ್ಥೆಗೆ ಕೆಲಸವೇ ಇರಲ್ಲ ಅನ್ನಿಸಬಹುದಿತ್ತು. 2001ರ ಫೆಬ್ರವರಿಯಲ್ಲಿ ಅದೇ ಎಸೆಕ್ಸಿನ ಒಂದು ಕಸಾಯಿಖಾನೆಯಲ್ಲಿ ಹಂದಿಗಳಿಗೆ ಕಾಲುಬಾಯಿ ರೋಗ ಕಾಣಿಸಿತು. ತಿಂಗಳುಗಳಲ್ಲೇ ಬ್ರಿಟನ್ನಿನಾದ್ಯಂತ 60 ಲಕ್ಷಕ್ಕೂ ಹೆಚ್ಚು ದನ, ಕುರಿ, ಹಂದಿಗಳನ್ನು ಕೊಂದರು. ಟಿವಿಯಲ್ಲಿ ಸುಡುವ ರಾಶಿಗಳನ್ನು ನೋಡಿದ ನೆನಪು ನಿಮ್ಮಲ್ಲಿ ಕೆಲವರಿಗೆ ಇರಬಹುದು. ಟಿವಿಯಲ್ಲಿ ಕಾಣದ್ದು ಇನ್ನೊಂದಿತ್ತು. ರೋಗದ ಕಾರಣಕ್ಕೆ ಕೊಂದ ಪ್ರಾಣಿಗಳಿಗೆ ಸರ್ಕಾರ ಪರಿಹಾರ ಕೊಟ್ಟಿತು. ಪಕ್ಕದ ಹೊಲದಲ್ಲಿ ಕುರಿಗಳು ಬದುಕಿದ್ದವು, ಆದರೆ ಸಾಗಾಟಕ್ಕೆ ನಿರ್ಬಂಧ, ಸಂತೆ ಬಂದ್. ಮಾರುವಂತಿಲ್ಲ, ಮೇವಿಗೆ ದುಡ್ಡಿಲ್ಲ. ರೋಗ ಬಾರದೆ ಉಳಿದದ್ದೇ ಕಷ್ಟವಾಯಿತು. ಸರ್ಕಾರದ ನಿಯಮದ ಸಂದಿಯಲ್ಲಿ ಹೀಗೆ ಸಿಕ್ಕಿಬಿದ್ದವರ ಮನೆಖರ್ಚಿಗೆ ಆರ್‌ಎಬಿಐ ಮತ್ತು ಆ ವರ್ಷವೇ ಹುಟ್ಟಿದ ಆಡಿಂಗ್ಟನ್ ನಿಧಿ ಹಣ ಕೊಟ್ಟವು.

ಇವತ್ತು ಆರ್‌ಎಬಿಐ ಮಾಡುವ ಕೆಲಸಗಳಲ್ಲಿ ಅನೇಕವು ಬಲು ಸಣ್ಣವು. ರೈತ ಬಿದ್ದು ಕಾಲು ಮುರಿದುಕೊಂಡರೆ ಹಾಲು ಕರೆಯಲು ಬದಲಿ ಆಳಿನ ಕೂಲಿ. ಕೆಟ್ಟುಹೋದ ವಾಷಿಂಗ್ ಮಷೀನಿಗೆ ಬದಲು ಇನ್ನೊಂದು. ಸರ್ಕಾರದ ಅರ್ಜಿ ತುಂಬಲು ಸಹಾಯ. ಹೊತ್ತುಗೊತ್ತಿಲ್ಲದೆ, ರಾತ್ರಿ ಎರಡಕ್ಕೂ ಎತ್ತುವ ಫೋನು.

2021ರಲ್ಲಿ ಅವರು ದೊಡ್ಡ ಸಮೀಕ್ಷೆಯೊಂದನ್ನು ಪ್ರಕಟಿಸಿದರು. 15,000ಕ್ಕೂ ಹೆಚ್ಚು ಜನ ಉತ್ತರಿಸಿದ್ದರು. 36% ಮಂದಿಯಲ್ಲಿ ಖಿನ್ನತೆಯ ಸಾಧ್ಯತೆ ಕಂಡಿತು. ವೃತ್ತಿಯ ಅಭ್ಯಾಸದಿಂದ ಒಂದು ಮಾತು: ಇಂಥ ಅಂಕಿಯನ್ನು ಜೋಪಾನವಾಗಿ ಓದಿ. ನೋವಿದ್ದವರೇ ಹೆಚ್ಚಾಗಿ ಉತ್ತರಿಸಿರಬಹುದು. ತೀರಾ ನೋವಿದ್ದವರು ಫಾರ್ಮನ್ನು ತೆರೆದೂ ನೋಡಿರಲಿಕ್ಕಿಲ್ಲ. ಲೆಕ್ಕ ಎರಡೂ ಕಡೆ ತಪ್ಪಬಹುದು. ನನಗೆ ಚಿಂತೆ ಎರಡನೆಯವರದ್ದು.

ಸಂಸ್ಥೆಗಳಿಗೂ ಅದೇ ಚಿಂತೆ ಇದ್ದಂತಿದೆ. ಹಾಗಾಗಿ ರೈತರನ್ನು ದಿನಾ ಕಾಣುವವರಿಗೆ, ಕಷ್ಟದಲ್ಲಿರುವವನನ್ನು ಗುರುತಿಸಿ ಮಾತಾಡಿಸುವುದು ಹೇಗೆ ಅಂತ ತರಬೇತಿ ಕೊಡಿಸುತ್ತಾರೆ. ಸ್ಕಾಟ್ಲೆಂಡಿನ ಆರ್‌ಎಸ್‌ಎಬಿಐ ಇನ್ನೊಂದು ಉಪಾಯ ಮಾಡಿದೆ. ಜಾನುವಾರು ಹರಾಜಿನ ಮಾರುಕಟ್ಟೆಗಳಿಗೇ ಒಂದು ಪುಟ್ಟ ಗುಡಿಸಲಿನಂಥದ್ದನ್ನು ಒಯ್ದು ನಿಲ್ಲಿಸುತ್ತಾರೆ. ಒಳಗೆ ನರ್ಸ್ ಇರುತ್ತಾರೆ, ಬಿಪಿ ನೋಡುತ್ತಾರೆ. ಮಾತಾಡಬೇಕು ಅನ್ನಿಸಿದರೆ ಮಾತಾಡಬಹುದು. ಯಾರಾದರೂ ‘ಇಲ್ಲೇನು ಮಾಡ್ತಾ ಇದ್ದೀಯ?’ ಅಂತ ಕೇಳಿದರೆ, ಬಿಪಿ ನೋಡಿಸ್ಕೊಳ್ಳೋಕೆ ಬಂದೆ ಅಂದರೆ ಆಯ್ತು.