ಅಂಬೇಡ್ಕರರ ವಕೀಲಿವೃತ್ತಿ ಮತ್ತು ಮಹಾಡದ ಮೇಲ್ಮನವಿ

ಡಾ. ಬಿ. ಆರ್. ಅಂಬೇಡ್ಕರರ ವಕೀಲಿವೃತ್ತಿಯನ್ನು ಅವರ ಜೀವನೋಪಾಯವೆಂದಷ್ಟೇ ಎಣಿಸಿ ಚಳವಳಿಯ ಕಥನಕ್ಕೆ ಸಾಗುವುದು ಚರಿತ್ರಕಾರರಲ್ಲಿ ವಾಡಿಕೆಯಾಗಿದೆ. ಈ ವಿಂಗಡಣೆಯನ್ನು ನಾವು ಒಪ್ಪಲಾರೆವು. ಬೋಧನೆ, ತಜ್ಞಸಾಕ್ಷ್ಯ, ನ್ಯಾಯಾಲಯದ ವಾದ ಈ ಮೂರರಲ್ಲಿಯೂ ಕಾಣುವುದು ಹೇಳಿಕೆಗೆ ಆಧಾರವನ್ನು ಕೇಳುವ ಒಂದೇ ಮನೋಧರ್ಮ.

ಅವರು ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ವೃತ್ತಿಯನ್ನಾರಂಭಿಸಿದ್ದು 1923ರಲ್ಲಿ. ಅದರ ಆದಾಯ ಸಾಲದೆ 1925ರಿಂದ 1928ರವರೆಗೆ ಬಾಟ್ಲಿಬಾಯ್ ಲೆಕ್ಕಶಾಸ್ತ್ರ ಸಂಸ್ಥೆಯಲ್ಲಿ ವಾಣಿಜ್ಯ ಕಾನೂನನ್ನು ಬೋಧಿಸಿದರು. 1935ರಿಂದ 1938ರವರೆಗೆ ಸರಕಾರಿ ಕಾನೂನು ಕಾಲೇಜಿನ ಪ್ರಾಂಶುಪಾಲರಾಗಿದ್ದರು. 1919ರಲ್ಲಿ ಸೌತ್‌ಬರೋ ಸಮಿತಿಯ ಮುಂದೆ ಮತಾಧಿಕಾರವನ್ನು ಕುರಿತೂ, 1925ರಲ್ಲಿ ಹಿಲ್ಟನ್ ಯಂಗ್ ಆಯೋಗದ ಮುಂದೆ ರೂಪಾಯಿಯ ವಿನಿಮಯವನ್ನು ಕುರಿತೂ ಸಾಕ್ಷ್ಯ ನುಡಿದಿದ್ದರು. 1926ರಲ್ಲಿ ಪುಣೆಯಲ್ಲಿ ‘ದೇಶಾಚೆ ದುಶ್ಮನ್’ ಪುಸ್ತಕದ ಮಾನಹಾನಿ ಮೊಕದ್ದಮೆಯ ಮೇಲ್ಮನವಿಯಲ್ಲಿ ವಾದಿಸಿ, ಶಿಕ್ಷೆಗೊಳಗಾಗಿದ್ದವರನ್ನು ಬಿಡಿಸಿದರು.

ಆದರೆ ವಿಶೇಷ ಗಮನಕ್ಕೆ ಅರ್ಹವಾದುದು ಅವರೇ ಪ್ರತಿವಾದಿಯಾಗಿದ್ದ ವ್ಯಾಜ್ಯ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯ ನೀರನ್ನು ಅಸ್ಪೃಶ್ಯರು ಕುಡಿದರು. ಅದೇ ಡಿಸೆಂಬರಿನಲ್ಲಿ ಸವರ್ಣೀಯರು ದಾವೆ ಹೂಡಿ ತಾತ್ಕಾಲಿಕ ತಡೆಯಾಜ್ಞೆ ಪಡೆದರು. ಅಂಬೇಡ್ಕರರು ಆಜ್ಞೆಯನ್ನು ಮೀರಲಿಲ್ಲ. ಕೆರೆಯ ಸತ್ಯಾಗ್ರಹವನ್ನು ತಡೆಹಿಡಿದರು. ಇದನ್ನು ಹಿಂಜರಿಕೆಯೆಂದು ಓದುವುದು ಸುಲಭ. ನ್ಯಾಯಾಲಯದಲ್ಲಿ ಗೆಲ್ಲಬಹುದಾದ ಪ್ರಶ್ನೆಯನ್ನು ಕಂಡ ವಕೀಲನ ನಿರ್ಧಾರವೆಂಬುದು ನಮ್ಮ ಓದು. ಕೆರೆ ಪುರಸಭೆಯದೆಂದಾದ ಮೇಲೆ ಉಳಿದದ್ದು ರೂಢಿಯ ಪ್ರಶ್ನೆ. ಹೊರಗಿಡುವ ರೂಢಿ ಅನಾದಿಯಾದುದೆಂದು ಸಾಧಿಸುವ ಹೊಣೆ ವಾದಿಗಳದು. ಅವರು 1931ರಲ್ಲಿ ಮಹಾಡದಲ್ಲಿ, 1933ರಲ್ಲಿ ಠಾಣೆಯಲ್ಲಿ, ಕೊನೆಗೆ 1937ರ ಮಾರ್ಚ್ 17ರಂದು ಉಚ್ಚ ನ್ಯಾಯಾಲಯದಲ್ಲಿ ಸೋತರು. ಆಗ ಪ್ರತಿವಾದಿ ಕಾನೂನು ಕಾಲೇಜಿನ ಪ್ರಾಂಶುಪಾಲ!

ಈ ಗೆಲುವಿಗೆ ಒಂದು ಮಿತಿಯಿದೆ. ನ್ಯಾಯಮೂರ್ತಿ ಬ್ರೂಮ್‌ಫೀಲ್ಡ್ ಹಾಗೂ ವಾಡಿಯಾ ಅವರ ಪೀಠ ಅನಾದಿ ರೂಢಿ ಸಿದ್ಧವಾಗಿಲ್ಲವೆಂದಷ್ಟೇ ತೀರ್ಮಾನಿಸಿತು. ಸಿದ್ಧವಾಗಿದ್ದರೆ ಅದು ಯುಕ್ತವೇ, ಸಾರ್ವಜನಿಕ ನೀತಿಗೆ ವಿರುದ್ಧವೇ ಎಂಬುದನ್ನು ಇತ್ಯರ್ಥಪಡಿಸಲಿಲ್ಲ. ಬೇರೊಂದೂರಿನ ಕೆರೆಯಲ್ಲಿ ಹಳೆಯ ದಾಖಲೆ ದೊರೆತಿದ್ದರೆ? ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳೂ ಆಗ ಇದೇ ಉಚ್ಚ ನ್ಯಾಯಾಲಯದ ವ್ಯಾಪ್ತಿಯಲ್ಲಿದ್ದವು. ಅಲ್ಲಿನ ಕೆರೆ-ಬಾವಿ ವ್ಯಾಜ್ಯಗಳನ್ನು ಈ ತೀರ್ಪಿನೊಡನಿಟ್ಟು ಪರಿಶೀಲಿಸುವುದು ಅವಶ್ಯ.

ತೆರೆದೇ ಉಳಿದ ಆ ಪ್ರಶ್ನೆಯನ್ನು ಮುಚ್ಚಿದ್ದು 1950ರ ಸಂವಿಧಾನ. ಅದು ಕರಡು ಸಮಿತಿಯ ಅಧ್ಯಕ್ಷರೊಬ್ಬರದೇ ಕೃತಿಯಲ್ಲ, ನಿಜ. ಆದರೂ ಮೂಲಭೂತ ಹಕ್ಕುಗಳಿಗೆ ವಿರುದ್ಧವಾದ ಕಾನೂನನ್ನು ಅಸಿಂಧುಗೊಳಿಸುವ 13ನೆಯ ವಿಧಿ ‘ಕಾನೂನು’ ಎಂಬುದರಲ್ಲಿ ರೂಢಿಯನ್ನೂ ಸೇರಿಸಿದೆ. 15ನೆಯ ವಿಧಿ ಬಾವಿ, ಕೆರೆ, ಸ್ನಾನಘಟ್ಟಗಳನ್ನು ಹೆಸರಿಸಿಯೇ ಹೇಳಿದೆ.