ಅಭಿಧಮನಿಯೊಳಗೆ ಬೆಳೆಯುವ ಗರ್ಭಕೋಶದ ಗಡ್ಡೆ

ಇಂಟ್ರಾವೀನಸ್ ಲಿಯೋಮಯೋಮಾಟೋಸಿಸ್ ಎಂಬುದು ಗರ್ಭಕೋಶದ ಸ್ನಾಯುವಿಗೆ ಸಂಬಂಧಿಸಿದ, ಅಭಿಧಮನಿಗಳ ಒಳಗೆ ಹಬ್ಬುವ ಅಪರೂಪದ ಗಡ್ಡೆ. ಇದು ಕ್ಯಾನ್ಸರ್ ಅಲ್ಲ. ಸೂಕ್ಷ್ಮದರ್ಶಕದಡಿ ಬಹುಮಟ್ಟಿಗೆ ಗರ್ಭಕೋಶದ ಸ್ನಾಯುವಿನ ಸಾಮಾನ್ಯ ಗಡ್ಡೆಯಾದ ಫೈಬ್ರಾಯ್ಡ್‌ನಂತೆಯೇ ಕಾಣುತ್ತದೆ. ಆದರೆ ಹೃದಯ ತಲುಪಿತೆಂದರೆ ರಕ್ತದ ಹರಿವಿಗೆ ಅಡ್ಡ ನಿಂತು ಜೀವಕ್ಕೇ ಸಂಚಕಾರ ತರಬಲ್ಲದು.

ಇದನ್ನು ಮೊದಲು ವರ್ಣಿಸಿದವರು ಜರ್ಮನಿಯ ಬಿರ್ಶ್-ಹಿರ್ಷ್‌ಫೆಲ್ಡ್, 1896ರಲ್ಲಿ. ಹೃದಯದವರೆಗೆ ಬೆಳೆದ ಪ್ರಕರಣವನ್ನು 1907ರಲ್ಲಿ ಡ್ಯೂರ್ಕ್ ವರದಿ ಮಾಡಿದರು. ಗಡ್ಡೆಯ ಮೂಲ ಯಾವುದೆಂಬ ವಾದವೂ ಆ ಕಾಲದ್ದೇ: ಅಭಿಧಮನಿಯ ಗೋಡೆಯಲ್ಲೇ ಹುಟ್ಟುತ್ತದೆಂದು ಒಂದು ಪಕ್ಷ, ಫೈಬ್ರಾಯ್ಡೇ ರಕ್ತನಾಳಕ್ಕೆ ನುಗ್ಗುತ್ತದೆಂದು ಇನ್ನೊಂದು. 1975ರಲ್ಲಿ ನಾರಿಸ್ ಮತ್ತು ಪಾರ್ಮ್ಲಿ 14 ಪ್ರಕರಣಗಳನ್ನು ಒಟ್ಟಿಗೆ ಪರಿಶೀಲಿಸಿ ಪ್ರಕಟಿಸಿದ ಲೇಖನ ಮುಂದಿನ ಅಧ್ಯಯನಗಳಿಗೆ ಆಧಾರವಾಯಿತು. ಫೈಬ್ರಾಯ್ಡ್‌ಗಳಲ್ಲಿ ಕಾಣುವ 12 ಮತ್ತು 14ನೇ ವರ್ಣತಂತುಗಳ ಅದಲುಬದಲು ಈ ಗಡ್ಡೆಯಲ್ಲೂ ಸಿಕ್ಕಿದ್ದು ಎರಡನೆಯ ಪಕ್ಷಕ್ಕೆ ಬಲ ಕೊಟ್ಟಿದೆ.

ಗಡ್ಡೆ ಗರ್ಭಕೋಶದ ಅಥವಾ ಅಂಡಾಶಯದ ಅಭಿಧಮನಿ ಹಿಡಿದು ಹೊಟ್ಟೆಯ ಮಹಾ ಅಭಿಧಮನಿಗೆ, ಅಲ್ಲಿಂದ ಬಲ ಹೃತ್ಕರ್ಣಕ್ಕೆ ಏರುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಕಾಣುವುದು ಎರೆಹುಳುವಿನಂತೆ ನುಣುಪಾದ, ಬಿಳಿಚಿದ, ರಬ್ಬರಿನಷ್ಟು ಗಟ್ಟಿಯಾದ ಎಳೆ. ಹಲವೆಡೆ ಅದು ನಾಳದ ಗೋಡೆಗೆ ಅಂಟದೆ ಸಡಿಲವಾಗಿರುವುದರಿಂದ ಶಸ್ತ್ರವೈದ್ಯರು ಮೆಲ್ಲಗೆ ಎಳೆದು ಹೊರತೆಗೆಯಬಲ್ಲರು.

ರೋಗಪತ್ತೆ ತಪ್ಪುವುದು ಬಹಳ ಸಲ ಹೃದಯ ವಿಭಾಗದಲ್ಲಿ. ಏದುಸಿರು, ಕಾಲೂತ, ತಲೆಸುತ್ತಿ ಬೀಳುವುದು ಎಂದು ಬಂದ ಮಹಿಳೆಯ ಎಕೋದಲ್ಲಿ ಕಂಡ ಗಡ್ಡೆಯನ್ನು ಹೆಪ್ಪುಗಟ್ಟಿದ ರಕ್ತವೆಂದೋ ಹೃದಯದಲ್ಲೇ ಹುಟ್ಟುವ ಮಿಕ್ಸೋಮ ಗಡ್ಡೆಯೆಂದೋ ಭಾವಿಸಲಾಗುತ್ತದೆ. ಹಿಂದೆ ಫೈಬ್ರಾಯ್ಡ್‌ಗಾಗಿ ಗರ್ಭಕೋಶ ತೆಗೆಸಿದ್ದೀರಾ ಎಂಬ ಪ್ರಶ್ನೆಯನ್ನು ಇಲ್ಲಿ ಬಿಡಲೇಬಾರದು. ಎಷ್ಟೋ ರೋಗಿಗಳಲ್ಲಿ ಉತ್ತರ ಹೌದು ಎಂದೇ ಇರುತ್ತದೆ. ಸಿಟಿ ಮತ್ತು ಎಂಆರ್‌ಐ ಬಂದಮೇಲೆ ಕಿಬ್ಬೊಟ್ಟೆಯಿಂದ ಹೃದಯದವರೆಗಿನ ಇಡೀ ಎಳೆಯನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ನೋಡುವುದು ಸಾಧ್ಯವಾಯಿತು.

ಮುಖ್ಯ ಚಿಕಿತ್ಸೆ ಗಡ್ಡೆಯನ್ನು ಪೂರ್ತಿ ತೆಗೆಯುವುದು. ಹೃದಯ–ಶ್ವಾಸಕೋಶ ಯಂತ್ರ ಬಳಕೆಗೆ ಬಂದದ್ದು 1953ರಲ್ಲಿ. ಹೃದಯ ತೆರೆದು ಗಡ್ಡೆ ತೆಗೆಯಲು ದಾರಿಯಾದದ್ದು ಅದರಿಂದ. ಎದೆ ಮತ್ತು ಹೊಟ್ಟೆಯ ಶಸ್ತ್ರಚಿಕಿತ್ಸೆಯನ್ನು ರೋಗಿಯ ಸ್ಥಿತಿ ನೋಡಿ ಒಂದೇ ಸಲಕ್ಕೋ ಎರಡು ಹಂತದಲ್ಲೋ ಮಾಡುತ್ತಾರೆ. ಗಡ್ಡೆ ಸಾಮಾನ್ಯವಾಗಿ ಈಸ್ಟ್ರೋಜನ್‌ಗೆ ಸ್ಪಂದಿಸುವುದರಿಂದ ಗರ್ಭಕೋಶದ ಜೊತೆ ಆ ಹಾರ್ಮೋನು ಸ್ರವಿಸುವ ಅಂಡಾಶಯಗಳನ್ನೂ ತೆಗೆಯುವುದುಂಟು. ಚಿಕ್ಕ ವಯಸ್ಸಿನವರಿಗೆ ಇದು ಹಗುರವಾದ ತೀರ್ಮಾನವಲ್ಲ. ಪೂರ್ತಿ ತೆಗೆಯಲಾಗದಿದ್ದಾಗ ಹಾರ್ಮೋನು ತಗ್ಗಿಸುವ ಔಷಧಿ ಕೊಡುತ್ತಾರೆ. ಉಳಿದ ಚೂರು ವರ್ಷಗಳ ನಂತರವೂ ಮತ್ತೆ ಬೆಳೆಯಬಹುದಾದ್ದರಿಂದ ದೀರ್ಘಕಾಲ ಸ್ಕ್ಯಾನಿಂಗ್ ಮುಂದುವರಿಯುತ್ತದೆ.